ಇರುವುದು ಅನುಮಾನ

ಸಿಡ್ನಿ, 6 ಮಾರ್ಚ್ 1961

ಕ್ಯಾಪ್ಟನ್ ರೂಪರ್ಟ್ ಲಿಡ್ಗಾರ್ಡ್ ಅವರಿಗೆ,
ನೆಯಾಫು, ಟೊಂಗಾ ದ್ವೀಪಗಳು

ಮಾನ್ಯರೇ,

ನಮ್ಮ ನಿಘಂಟಿಗೆ ವಾಕ್ಯ ಹೆಕ್ಕಿಕೊಡುವವರು ಬೇಕೆಂದು ಪತ್ರಿಕೆಯಲ್ಲಿ ಕೇಳಿದ್ದೆವು. ನಲವತ್ತೊಂದು ಜನ ಓಗೊಟ್ಟರು. ಮೂವತ್ತನಾಲ್ಕು ಮಂದಿ ನಿವೃತ್ತ ಶಿಕ್ಷಕರು, ಆರು ಮಂದಿ ಪಾದ್ರಿಗಳು, ಸಮುದ್ರದವರು ನೀವೊಬ್ಬರೇ. ಆದ್ದರಿಂದ ನಿಮ್ಮನ್ನು ಕಳೆದುಕೊಳ್ಳುವ ಮನಸ್ಸು ನನಗಿಲ್ಲ.

ನಿಯಮಗಳು ಸರಳ. ಒಂದು ಚೀಟಿಗೆ ಒಂದು ಪದ, ಒಂದು ವಾಕ್ಯ. ಯಾವ ಪುಸ್ತಕ, ಯಾವ ಪುಟ, ಯಾವ ವರ್ಷ ಎಂದು ಕೆಳಗೆ ಬರೆಯಬೇಕು. ವಾಕ್ಯವನ್ನು ತಿದ್ದಬಾರದು, ಸ್ವಂತದ್ದನ್ನು ಸೇರಿಸಬಾರದು. ಅಂಥ ವಾಕ್ಯ ಎಷ್ಟೇ ಚೆನ್ನಾಗಿದ್ದರೂ ನಮಗೆ ಅದು ಕಲಬೆರಕೆ ಹಾಲು.

ಈಗ ನನ್ನ ಮೇಜಿನ ಮೇಲಿರುವುದು ನಂಬದಿರುವಿಕೆಯ ಪೆಟ್ಟಿಗೆ. ಅದರಲ್ಲಿ ನಾಲ್ಕು ಪದಗಳು: ಡಿಸ್ಟ್ರಸ್ಟ್, ಮಿಸ್ಟ್ರಸ್ಟ್, ಡೌಟ್, ಸಸ್ಪೆಕ್ಟ್. ನನ್ನ ಬಳಿ ಇರುವ ವಾಕ್ಯಗಳೆಲ್ಲ ವಕೀಲರವು, ಪಾದ್ರಿಗಳವು, ಪ್ರೇಮಿಗಳವು. ಈ ಮೂವರೂ ಸೇರಿ ನಾಲ್ಕನ್ನೂ ಒಂದೇ ಪಾತ್ರೆಯಲ್ಲಿ ಕಲಸಿಟ್ಟಿದ್ದಾರೆ. ಪದ ತಪ್ಪಾಗಿ ಬಳಸಿದರೆ ಜೀವವೇ ಹೋಗುವಂಥ ಜನ ಇವನ್ನು ಹೇಗೆ ಬಳಸುತ್ತಾರೆಂದು ನನಗೆ ನೋಡಬೇಕಾಗಿದೆ. ಹಳೆಯ ಹಡಗುಗಳ ದಿನಚರಿ ನಿಮಗೆ ಸಿಗಬಹುದೇ?

ನಿಮ್ಮ ವಿಶ್ವಾಸದ,
ಹೆಸ್ಟರ್ ಪ್ಯಾಸ್ಕೊ, ಉಪಸಂಪಾದಕಿ


ನೆಯಾಫು, 11 ಏಪ್ರಿಲ್ 1961

ಮಿಸ್ ಪ್ಯಾಸ್ಕೊ ಅವರೇ,

ನಂಬದಿರುವಿಕೆಯ ಕುರಿತು ಪತ್ರ ಬರೆದು ಕೊನೆಯಲ್ಲಿ 'ನಿಮ್ಮ ವಿಶ್ವಾಸದ' ಎಂದು ಸಹಿ ಹಾಕಿದ್ದೀರಿ. ಭೇಷ್. ಇಲ್ಲಿಗೆ ತಿಂಗಳಿಗೊಂದು ಕೊಬ್ಬರಿ ಹಡಗು ಬರುತ್ತದೆ. ಹಾಗಾಗಿ ನನಗೆ ಸಿಟ್ಟು ಬಂದರೂ ಅದು ನಿಮಗೆ ಮುಟ್ಟುವುದು ಇಳಿದ ಮೇಲೆ. ಹೆದರಬೇಡಿ.

ನಿಮ್ಮ ನಾಲ್ಕು ಪದಗಳನ್ನು ಬೇರ್ಪಡಿಸಲು ನಿಘಂಟು ಬೇಡ, ಒಂದು ಹಡಗು ಸಾಕು. ಹೊಸ ನಾವಿಕನೊಬ್ಬ ಹಡಗು ಹತ್ತುತ್ತಾನೆ ಎನ್ನಿ. ಅವನು ಏನೂ ತಪ್ಪು ಮಾಡಿಲ್ಲ, ಆದರೂ ಯಾಕೋ ನಮ್ಮ ಮನಸ್ಸು ಒಪ್ಪುವುದಿಲ್ಲ. ಅದು ಮಿಸ್ಟ್ರಸ್ಟ್. ಮೂರನೆಯ ದಿನ ಅವನು ಕಾವಲಿನಲ್ಲಿ ಗೊರಕೆ ಹೊಡೆಯುತ್ತ ಸಿಕ್ಕಿಬೀಳುತ್ತಾನೆ. ಅಲ್ಲಿಂದಾಚೆಗಿನದು ಡಿಸ್ಟ್ರಸ್ಟ್. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಲ್ಲ, ಅದಕ್ಕೆ ಸುಟ್ಟ ಬಾಯಿ ಇರಲೇಬೇಕು. ಮೊದಲನೆಯದಕ್ಕೆ ಏನೂ ಬೇಕಿಲ್ಲ.

ಉಳಿದೆರಡು ಬೇರೆ ಕುಲದವು. ದೂರದಲ್ಲಿ ನೀರು ಬಣ್ಣಗೆಟ್ಟಿದೆ, ಕೆಳಗೆ ಬಂಡೆ ಇದೆಯೋ ಏನೋ. ಬಂಡೆಯನ್ನು ಡೌಟ್ ಮಾಡುವವನ ಮನಸ್ಸು 'ಇಲ್ಲ' ಎನ್ನುವ ಕಡೆಗೆ ವಾಲಿರುತ್ತದೆ. ಸಸ್ಪೆಕ್ಟ್ ಮಾಡುವವನದು 'ಇದೆ' ಎನ್ನುವ ಕಡೆಗೆ. ಮೊದಲನೆಯವನು ನೇರವಾಗಿ ಹೋಗುತ್ತಾನೆ. ಎರಡನೆಯವನು ಸುತ್ತು ಹಾಕಿ ಹೋಗಿ, ಮಧ್ಯಾಹ್ನ ಊಟಕ್ಕೆ ಕೂರುತ್ತಾನೆ. ನಿಮ್ಮ ವಕೀಲರಿಗೆ ಇದು ಎಲ್ಲಿಂದ ತಿಳಿಯಬೇಕು?

ಒಂಬತ್ತು ಚೀಟಿ ಕಳಿಸಿದ್ದೇನೆ. ಆರು ಅಚ್ಚಾದ ಪುಸ್ತಕಗಳವು. ಮೂರು 'ಕೆಸ್ಟ್ರೆಲ್' ಹಡಗಿನ ದಿನಚರಿಯವು, 14 ಆಗಸ್ಟ್ 1937ರ ಪುಟ. ಅವುಗಳ ಹಿನ್ನೆಲೆ ಇಷ್ಟು: ಆ ಹಡಗಿನ ಕ್ಯಾಪ್ಟನ್ ಎದುರಿಗೆ ಬಂಡೆಯನ್ನು ಸಸ್ಪೆಕ್ಟ್ ಮಾಡಿ ಹಡಗು ತಿರುಗಿಸಿದ. ಅವನ ಕೈಕೆಳಗಿನ ಅಧಿಕಾರಿ, ಅಂದರೆ ಮೇಟ್, ಅದನ್ನು ಡೌಟ್ ಮಾಡಿದ. ಆಮೇಲೆ ಸಮುದ್ರದ ಆಳ ಅಳೆಯುವವರು ಹೋಗಿ ಹುಡುಕಿದರು, ಬಂಡೆ ಸಿಗಲಿಲ್ಲ. ಅಂದಿನಿಂದ ಮಾಲೀಕರು ಕ್ಯಾಪ್ಟನನನ್ನು ಡಿಸ್ಟ್ರಸ್ಟ್ ಮಾಡಿದರು. ಮೂರು ಪದಗಳೂ ಒಂದೇ ಪುಟದಲ್ಲಿವೆ. ಕೊನೆಯದನ್ನು ಅಂಚಿನಲ್ಲಿ ಆಮೇಲೆ ಬರೆದಿದೆ. ಆ ಕ್ಯಾಪ್ಟನ್ ಈಗ ಎಲ್ಲಿದ್ದಾನೋ ನನಗೆ ತಿಳಿಯದು.

ನನ್ನ ಹೆಂಡತಿ ಲುಪೆ ನಿಮ್ಮ ಪತ್ರ ನೋಡಿ ಹೇಳಿದ್ದು: "ನಂಬದೆ ಇರೋದಕ್ಕೆ ನಾಕ್ ನಾಕ್ ಪದ ಇಟ್ಕೊಂಡಿದೀರಾ? ನಂಬೋದಕ್ಕೆ ಎಷ್ಟಿದೆ ಕೇಳ್ರಿ ಆ ಮೇಡಮ್ಮನ್ನ." ಕೇಳಿದ್ದೇನೆ.

ರೂಪರ್ಟ್ ಲಿಡ್ಗಾರ್ಡ್


ಸಿಡ್ನಿ, 22 ಮೇ 1961

ಪ್ರಿಯ ಕ್ಯಾಪ್ಟನ್ ಲಿಡ್ಗಾರ್ಡ್,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆ. ಹದಿನೇಳು ವರ್ಷಗಳಿಂದ ಈ ಪದಗಳ ಜೊತೆ ಏಗುತ್ತಿದ್ದೇನೆ. ಇಷ್ಟು ಚೊಕ್ಕವಾಗಿ ಯಾರೂ ಬಿಡಿಸಿ ಹೇಳಿರಲಿಲ್ಲ. ಶ್ರೀಮತಿ ಲುಪೆ ಅವರ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಸದ್ಯಕ್ಕೆ ಎರಡೇ ಸಿಕ್ಕಿವೆ.

'ಕೆಸ್ಟ್ರೆಲ್' ಕ್ಯಾಪ್ಟನನ ಕತೆಗಂತೂ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನನ್ನ ಸಹೋದ್ಯೋಗಿ ಫೆನ್ವಿಕ್, "ಇಲ್ದೇ ಇರೋ ಬಂಡೆಗೇ ಹಿಂಗ್ ಓಡಿದೋನು, ಇರೋ ಬಂಡೆ ಎದುರಾದ್ರೆ ಮರ ಹತ್ತಿ ಕೂತ್ಕೊಳ್ತಿದ್ನೇನೋ!" ಎಂದ. ಬಾಟಲಿಯ ತಳದಲ್ಲಿ ಕಂಡ ಬಂಡೆ ಇರಬೇಕೆಂದು ನನ್ನ ಊಹೆ. ಅಂಥವನ ಜೊತೆ ಕೆಲಸ ಮಾಡಿದ ಆ ಮೇಟ್ ಪಾಪ, ಪ್ರಾಮಾಣಿಕ ಮನುಷ್ಯನಿರಬೇಕು.

ಒಂದು ಚಿಕ್ಕ ತೊಡಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಕಚೇರಿಯ ಧರ್ಮ. ಹಳೆಯ ದಿನಚರಿಗಳನ್ನು ಇಟ್ಟಿರುವಲ್ಲಿ ವಿಚಾರಿಸಿದೆ. ಆ ವರ್ಷದ 'ಕೆಸ್ಟ್ರೆಲ್' ದಿನಚರಿ ಅಲ್ಲಿಲ್ಲ, ಎಂದೂ ಬಂದಿಲ್ಲ. ನೀವು ಅದನ್ನು ಎಲ್ಲಿ ಓದಿದಿರಿ?

ಹೆಸ್ಟರ್ ಪ್ಯಾಸ್ಕೊ


ಸಿಡ್ನಿ, 31 ಜುಲೈ 1961

ಕ್ಯಾಪ್ಟನ್ ಲಿಡ್ಗಾರ್ಡ್ ಅವರಿಗೆ,

ಎರಡು ಹಡಗು ಬಂದು ಹೋದವು, ನಿಮ್ಮಿಂದ ಪತ್ರವಿಲ್ಲ. ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ.

ಹೇಳುವುದಕ್ಕೆ ಮುಜುಗರವಾಗುತ್ತದೆ, ಆದರೂ ಹೇಳಬೇಕು. ದಿನಚರಿಯ ಮೂಲ ಸಿಗದ್ದರಿಂದ ಆ ಮೂರು ಚೀಟಿಗಳ ಮೇಲೆ ನೀಲಿ ಪೆನ್ಸಿಲಿನಿಂದ ಪ್ರಶ್ನೆ ಚಿಹ್ನೆ ಹಾಕಿ ಪೆಟ್ಟಿಗೆಯ ಹಿಂದಕ್ಕೆ ಸರಿಸಿದ್ದೇನೆ. ಒಂದೇ ಪುಟದಲ್ಲಿ ಮೂರೂ ಪದಗಳು ಇಷ್ಟು ಅಚ್ಚುಕಟ್ಟಾಗಿ ಕೂಡಿಬರುವುದು ಅಪರೂಪ. ಕೆಲವು ಉತ್ಸಾಹಿಗಳು ನಮಗೆ ನೆರವಾಗಲೆಂದೇ ವಾಕ್ಯ ಕಟ್ಟಿ ಕಳಿಸುವುದುಂಟು. ನೀವು ಹಾಗೆ ಮಾಡಿದ್ದೀರಿ ಎಂದು ನಾನು ಹೇಳುತ್ತಿಲ್ಲ.

ಹೆ. ಪ್ಯಾಸ್ಕೊ


ನೆಯಾಫು, 5 ಸೆಪ್ಟೆಂಬರ್ 1961

ಮಿಸ್ ಪ್ಯಾಸ್ಕೊ,

ಹೇಳುತ್ತಿಲ್ಲ ಎಂದು ಹೇಳುವುದಕ್ಕೆ ನಿಮ್ಮ ಪೆಟ್ಟಿಗೆಯಲ್ಲಿ ಪದ ಇಲ್ಲದಿದ್ದರೆ ಒಂದು ಹುಟ್ಟಿಸಿಕೊಳ್ಳಿ.

ಆ ಕ್ಯಾಪ್ಟನ್ ನಾನೇ. ದಿನಚರಿ ನಿಮಗೆ ಸಿಗಲಿಲ್ಲ, ಯಾಕೆಂದರೆ ಕೆಲಸದಿಂದ ತೆಗೆದ ದಿನ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದವನೂ ನಾನೇ. ಕದ್ದದ್ದು ಎನ್ನಿ, ಬೇಸರವಿಲ್ಲ. ಮೂರನೆಯ ಪದವನ್ನು ಅಂಚಿನಲ್ಲಿ ಬರೆದದ್ದೂ ನನ್ನ ಕೈಯೇ. ನಿಮ್ಮ ಫೆನ್ವಿಕ್‌ಗೆ ಹೇಳಿ: ಮರ ಹತ್ತಿ ಕೂತವನು ಇನ್ನೂ ಇಳಿದಿಲ್ಲ.

ಬಾಟಲಿಯನ್ನು ನಾನು ಮುಟ್ಟಿದವನಲ್ಲ. ಅಂದು ಬೆಳಗ್ಗೆ ಆರೂವರೆ. ಎದುರಿಗೆ ಒಂದು ಮೈಲಿಯಲ್ಲಿ ನೀರು ಹಳದಿಯಾಗಿತ್ತು, ಅರಿಶಿನ ಕದಡಿದ ಹಾಗೆ. ನಡುವೆ ಒಂದು ಕಡೆ ಅಲೆ ಒಡೆಯುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. ನೀರಿನ ಮೇಲೆ ಬೂದು ಬಣ್ಣದ ಕಲ್ಲುಗಳು, ನಿಜವಾಗಿ ಕಲ್ಲುಗಳು, ತೇಲುತ್ತಿದ್ದವು. ನಲವತ್ತು ವರ್ಷದ ಸಮುದ್ರ ಜೀವನದಲ್ಲಿ ನಾನು ಟೊಪ್ಪಿ ತೆಗೆದು ನಿಂತದ್ದು ಅದೊಂದೇ ಸಲ. ಹೆದರಿಕೆ ಇತ್ತು, ಆದರೆ ಅಷ್ಟೇ ಅಲ್ಲ. ಚರ್ಚಿನಲ್ಲಿ ಬರಬೇಕಾದ ಭಾವನೆ ಅಲ್ಲಿ ಬಂತು. ಹಡಗನ್ನು ತಿರುಗಿಸಿದೆ. ಮೇಟ್ ಸೆಮಿಸಿ ಕೆಳಗಿನಿಂದ ಬರುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತ್ತು. ವಿಚಾರಣೆಯಲ್ಲಿ "ನಾನ್ ನೋಡ್ಲಿಲ್ಲ ಸ್ವಾಮಿ" ಎಂದ. ಅಳತೆ ಹಡಗು ಹೋಗಿ ಇನ್ನೂರು ಮಾರು ಹಗ್ಗ ಇಳಿಬಿಟ್ಟಿತು, ತಳ ಸಿಗಲಿಲ್ಲ. ನಕಾಶೆಯಲ್ಲಿ ಒಂದು ಚುಕ್ಕಿ ಇಟ್ಟು 'ಲಿಡ್ಗಾರ್ಡ್ ಬಂಡೆ, 1937, ಇರುವುದು ಅನುಮಾನ' ಎಂದು ಬರೆದರು. ಇಪ್ಪತ್ತನಾಲ್ಕು ವರ್ಷಗಳಿಂದ ಈ ಸಮುದ್ರದ ಪ್ರತಿಯೊಬ್ಬ ನಾವಿಕನ ಮೇಜಿನ ಮೇಲೆ ನನ್ನ ಹೆಸರಿದೆ, ಅದರ ಪಕ್ಕದಲ್ಲಿ ಅನುಮಾನವಿದೆ.

ಸೆಮಿಸಿ ನನ್ನ ಹೆಂಡತಿಯ ಸ್ವಂತ ತಮ್ಮ. ಇದೇ ಊರಿನಲ್ಲಿದ್ದಾನೆ, ಸ್ವಂತ ದೋಣಿ ಇಟ್ಟಿದ್ದಾನೆ. ಅಂದಿನಿಂದ ನಾನು ಅವನೊಡನೆ ಒಂದು ಮಾತೂ ಆಡಿಲ್ಲ. ಲುಪೆ ನಡುವೆ ಬಂದು ಸರಿಮಾಡುವ ಹಾಗೂ ಇಲ್ಲ. ಅಕ್ಕ-ತಮ್ಮ ಒಂದೇ ಕೋಣೆಯಲ್ಲಿ ಕೂತು ಇಂಥದ್ದನ್ನೆಲ್ಲ ಮಾತಾಡುವುದು ಇಲ್ಲಿನವರಲ್ಲಿ ಮರ್ಯಾದೆಗೇಡು.

ಇದನ್ನೆಲ್ಲ ಈಗ ಬರೆಯುತ್ತಿರುವುದು ಯಾಕೆಂದರೆ, ಕಳೆದ ಹಡಗಿನಲ್ಲಿ ನಿಮ್ಮ ಪತ್ರದ ಜೊತೆಗೆ ನಕಾಶೆ ಕಚೇರಿಯ ಪ್ರಕಟಣೆಯೂ ಬಂತು. ಹೊಸ ನಕಾಶೆ ಅಚ್ಚಾಗುತ್ತದಂತೆ. ಅನುಮಾನದ ಚುಕ್ಕಿಗಳನ್ನೆಲ್ಲ ತೆಗೆಯುತ್ತಾರಂತೆ, ನನ್ನದನ್ನೂ. ಹೊಸ ಕೊಬ್ಬರಿ ಹಡಗುಗಳ ದಾರಿ ಸರಿಯಾಗಿ ಅದರ ಮೇಲೇ ಹಾದುಹೋಗುತ್ತದೆ. ಚುಕ್ಕಿ ಹೋದರೆ ನಾನು ಸುಳ್ಳುಗಾರನಾಗಿ ಸಾಯುತ್ತೇನೆ. ಅದಾದರೂ ಹೋಗಲಿ ಎನ್ನೋಣ. ಆ ಜಾಗ ಒಂದು ದಿನ ಯಾರನ್ನಾದರೂ ನುಂಗುತ್ತದೆ.

ದಿನಚರಿಯ ಪುಟವನ್ನು ಕಿತ್ತು ಇದರೊಡನೆ ಇಟ್ಟಿದ್ದೇನೆ. ಪ್ರಮಾಣಿಸಿ ನೋಡಿ.

ರೂ. ಲಿಡ್ಗಾರ್ಡ್


ಸಿಡ್ನಿ, 12 ಅಕ್ಟೋಬರ್ 1961

ಪ್ರಿಯ ಕ್ಯಾಪ್ಟನ್,

ಮೊದಲು ಕ್ಷಮೆ. ನಿಮ್ಮ ಬದುಕನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದವಳು ನಾನು. ನಾಚಿಕೆಯಿಂದ ಎರಡು ದಿನ ನಿಮ್ಮ ಪತ್ರವನ್ನು ಕೈಚೀಲದಲ್ಲೇ ಇಟ್ಟುಕೊಂಡು ಓಡಾಡಿದೆ.

ಮೂರನೆಯ ದಿನ ನನಗೆ ಗೊತ್ತಿರುವ ಏಕೈಕ ಕೆಲಸವನ್ನು ಮಾಡಿದೆ, ಚೀಟಿ ಹುಡುಕಿದೆ. ನಮ್ಮ ನೆಲಮಾಳಿಗೆಯಲ್ಲಿ ಎಂಟು ಲಕ್ಷ ಚೀಟಿಗಳಿವೆ. ನಾವು ಚೀಟಿಯ ಮೇಲೆ ಪ್ರಶ್ನೆ ಹಾಕುತ್ತೇವೆ, ಹಿಂದಕ್ಕೆ ಸರಿಸುತ್ತೇವೆ, ಬಯ್ಯುತ್ತೇವೆ. ಆದರೆ ಒಂದನ್ನೂ ಎಸೆಯುವುದಿಲ್ಲ. ನಂಬದಿರುವಿಕೆಯ ಪೆಟ್ಟಿಗೆಯನ್ನು ಬಿಟ್ಟು ಬೇರೆ ಪೆಟ್ಟಿಗೆಗಳಿಗೆ ಕೈಹಾಕಿದೆ: ಗಂಧಕ, ಹಳದಿ, ತೇಲು, ಕುದಿ.

ಮೂವತ್ತು ವರ್ಷಗಳ ಹಿಂದೆ ಹೋಬಾರ್ಟಿನಲ್ಲಿ ಆಲ್ಮಾ ಟ್ರೆಂಬತ್ ಎಂಬ ಶಾಲಾ ಮೇಡಂ ಇದ್ದರು. ಈಗಿಲ್ಲ. ಹಳೆಯ ಸಮುದ್ರಯಾನದ ಪುಸ್ತಕಗಳನ್ನು ಓದಿ ನಮಗೆ ಚೀಟಿ ಕಳಿಸುತ್ತಿದ್ದರು. ಅವರದ್ದೊಂದು ಕೆಟ್ಟ ಚಾಳಿ: ಒಂದು ವಾಕ್ಯ ಕೇಳಿದರೆ ಇಡೀ ಪ್ಯಾರಾ ಬರೆಯುವುದು. ಗಾಳಿಯ ದಿಕ್ಕು, ಜಾಗದ ಅಕ್ಷಾಂಶ ರೇಖಾಂಶ, ಆ ದಿನ ಹಡಗಿನಲ್ಲಿ ಏನು ಊಟ, ಎಲ್ಲವೂ! ಪ್ರತಿ ಚೀಟಿಯ ಮೇಲೂ ನಮ್ಮವರು ನೀಲಿ ಪೆನ್ಸಿಲಿನಲ್ಲಿ 'ಅತಿ ಉದ್ದ, ದಯವಿಟ್ಟು ಬೇಡ' ಎಂದು ಬರೆದಿದ್ದಾರೆ. ಪುಣ್ಯಾತ್ಗಿತ್ತಿ ಕೊನೆಯವರೆಗೂ ಕಿವಿಗೆ ಹಾಕಿಕೊಂಡಿಲ್ಲ.

'ಗಂಧಕ'ದಲ್ಲಿ ಅವರ ಚೀಟಿ: 1846, ತಿಮಿಂಗಿಲ ಬೇಟೆಯ ಹಡಗು. "ಸಮುದ್ರ ಹಳದಿಯಾಗಿ ಗಂಧಕ ನಾರುತ್ತಿತ್ತು, ಬಂಡೆಯನ್ನು ಸಸ್ಪೆಕ್ಟ್ ಮಾಡಿ ದೂರ ಸರಿದೆವು." 'ತೇಲು' ಪದದಲ್ಲಿ: 1878, ಒಬ್ಬ ಪಾದ್ರಿ. ನೀರಿನ ಮೇಲೆ ಕಲ್ಲು ತೇಲುವುದನ್ನು ಕಂಡು ತನ್ನ ಕಣ್ಣನ್ನೇ ಮಿಸ್ಟ್ರಸ್ಟ್ ಮಾಡಿದನಂತೆ. 'ಕುದಿ'ಯಲ್ಲಿ: 1911, ವ್ಯಾಪಾರಿ ಹಡಗು. ಮೂರೂ ಜಾಗಗಳನ್ನು ನಕಾಶೆಯ ಮೇಲೆ ಗುರುತಿಸಿದೆ. ನಿಮ್ಮ ಪುಟದಲ್ಲಿನ ಜಾಗವನ್ನೂ ಗುರುತಿಸಿದೆ. ನಾಲ್ಕು ಚುಕ್ಕಿಗಳನ್ನೂ ನನ್ನ ಒಂದು ಹೆಬ್ಬೆರಳು ಮುಚ್ಚುತ್ತದೆ.

ನೆಲಮಾಳಿಗೆಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ಒಬ್ಬರನ್ನೊಬ್ಬರು ಕಾಣದ ನಾಲ್ವರು, ತೊಂಬತ್ತು ವರ್ಷಗಳ ಅಂತರದಲ್ಲಿ, ಒಂದನ್ನೇ ಕಂಡಿದ್ದಾರೆ. ಅದು ಬರುತ್ತದೆ ಕ್ಯಾಪ್ಟನ್, ಬಂದು ಹೋಗುತ್ತದೆ. ಬೆಂಕಿಯ ಬೆಟ್ಟ ಸಮುದ್ರದ ಕೆಳಗಿನಿಂದ ಎದ್ದು, ಒಂದಷ್ಟು ದಿನ ಇದ್ದು, ಅಲೆಗೆ ಕರಗಿ ಮತ್ತೆ ಮುಳುಗುತ್ತದೆ. ನೀವು ಸುಳ್ಳಲ್ಲ, ಹಗ್ಗ ಇಳಿಬಿಟ್ಟವರೂ ಸುಳ್ಳಲ್ಲ. ನನ್ನ ಜೀವಮಾನವೆಲ್ಲ ಪದಗಳು ಬದಲಾಗುವುದನ್ನು ನೋಡಿದ್ದೇನೆ. ನೆಲವೂ ಹಾಗೆ ಮಾಡುತ್ತದೆಂದು ತಿಳಿದಿರಲಿಲ್ಲ.

ಎಲ್ಲದರ ಪ್ರತಿಯನ್ನೂ ನಿಮ್ಮ ಪುಟವನ್ನೂ ನಕಾಶೆ ಕಚೇರಿಗೆ ನಾನೇ ಹೋಗಿ ಕೊಟ್ಟಿದ್ದೇನೆ.

ಹೆಸ್ಟರ್


ನೆಯಾಫು, 20 ನವೆಂಬರ್ 1961

ಪ್ರಿಯ ಹೆಸ್ಟರ್,

ಈ ಅಕ್ಷರ ಲುಪೆಯದು. ನನ್ನ ಕಣ್ಣು ಎರಡು ವರ್ಷಗಳಿಂದ ಕೈಕೊಡುತ್ತಿದೆ. ಈಗ ಕಿಟಕಿ ಎಲ್ಲಿದೆ ಎಂದಷ್ಟೇ ತಿಳಿಯುತ್ತದೆ. ಕಣ್ಣು ಕಾಣದವನು ಕಂಡೆ ಕಂಡೆ ಎಂದರೆ ಯಾರು ನಂಬುತ್ತಾರೆಂದು ನಿಮಗೆ ಹೇಳಿರಲಿಲ್ಲ.

ನಿಮ್ಮ ಪತ್ರವನ್ನು ಲುಪೆ ಮೂರು ಸಲ ಓದಿದಳು. ಮೂರನೆಯ ಸಲ ನಾನು ಅತ್ತೆ. (ನಾಲ್ಕು ಸಲ ಓದಿದ್ದು. ಎರಡನೆಯ ಸಲಕ್ಕೇ ಅತ್ತರು. ಲುಪೆ.)

ಆಮೇಲೆ ಆಕೆ ನನ್ನನ್ನು ಕೇಳದೆ ಒಂದು ಕೆಲಸ ಮಾಡಿದಳು. ಇಲ್ಲಿ ಅಕ್ಕನ ಸ್ಥಾನ ತಮ್ಮನಿಗಿಂತ ಮೇಲು. ಅಕ್ಕ ಕರೆ ಕಳಿಸಿದರೆ ತಮ್ಮ ಕಾಯಿಲೆ ಬಿದ್ದಿದ್ದರೂ ಎದ್ದು ಬರಬೇಕು. ಮದುವೆಯಾಗಿ ಮೂವತ್ತು ವರ್ಷಗಳಲ್ಲಿ ಲುಪೆ ಆ ಅಧಿಕಾರವನ್ನು ಒಮ್ಮೆಯೂ ಚಲಾಯಿಸಿರಲಿಲ್ಲ. ಮೊನ್ನೆ ಚಲಾಯಿಸಿದಳು. ಸೆಮಿಸಿ ಬಂದು ಜಗಲಿಯ ಮೇಲೆ ಕೂತ. ಲುಪೆ ಹಿತ್ತಲಿಗೆ ಹೋಗಿ ಕೆಸುವಿನ ಎಲೆಯಲ್ಲಿ ಮಾಂಸ ಸುತ್ತುತ್ತ, ಮಧ್ಯದ ಬಾಗಿಲನ್ನು ಮಾತ್ರ ತೆರೆದಿಟ್ಟಳು.

ಆಮೇಲೆ ನಾನೇ ಕೇಳಿದೆ.

"ಯಾಕೋ ನನ್ ಮೇಲೆ ಹಂಗ್ ಸಾಕ್ಷಿ ಹೇಳ್ದೆ?"

"ನಿಮ್ ಮೇಲೆ ಹೇಳ್ಲಿಲ್ಲ ಭಾವ. ನಾನ್ ನೋಡ್ಲಿಲ್ಲ ಅಂದೆ. ನೋಡ್ಲಿಲ್ವಲ್ಲ!"

"ಡೌಟ್ ಮಾಡ್ದೆ."

"ಅದನ್ ಬರ್ದಿದ್ದು ನೀವು. ಬರಿಯೋ ಮುಂಚೆ ನನ್ನ ಒಂದ್ ಮಾತು ಕೇಳಿದ್ರಾ? ಇಲ್ಲ ಅಂತ ನಾನ್ಯಾವತ್ತೂ ಅಂದಿಲ್ಲ. ಈ ಇಪ್ಪತ್ನಾಕು ವರ್ಷ ನನ್ ದೋಣೀನ ಒಂದ್ ಸಲಾನೂ ಆ ಕಡೆ ಬಿಟ್ಟಿಲ್ಲ. ಸುತ್ತು ಹಾಕ್ಕೊಂಡೇ ಹೋಗ್ತೀನಿ. ಎಣ್ಣೆ ಖರ್ಚಿಗೆ ಹೆಂಡ್ತಿ ಉಗೀತಾಳೆ."

ಹೆಸ್ಟರ್, ಇವನು ನನಗೆ ಮೋಸ ಮಾಡಿದ ಎಂದೇ ಕಾಲು ಶತಮಾನ ನಂಬಿದ್ದೆ. ನನ್ನ ಬಾಯಿ ಸುಟ್ಟಿರಲೇ ಇಲ್ಲ. ಲೋಕದಲ್ಲಿ ನನ್ನನ್ನು ನಂಬಿ ಸುತ್ತು ಹಾಕಿದವನು ಅವನೊಬ್ಬನೇ, ಅವನನ್ನೇ ದೂರ ಇಟ್ಟೆ. ನಿಮಗೆ ಆ ಪದಗಳನ್ನು ಬಿಡಿಸಿ ಹೇಳಿದ ಜಾಣ ನಾನು!

(ಇಬ್ಬರೂ ಆಮೇಲೆ ಮಕ್ಕಳ ಹಾಗೆ ತಿಂದರು. ಎರಡು ಸಲ ಎಲೆ ಸುತ್ತಬೇಕಾಯಿತು. ಲುಪೆ.)

ರೂಪರ್ಟ್


ಸಿಡ್ನಿ, 3 ಜನವರಿ 1962

ಪ್ರಿಯ ರೂಪರ್ಟ್, ಪ್ರಿಯ ಲುಪೆ,

ಜಗಲಿಯ ಸುದ್ದಿಯನ್ನು ಕಚೇರಿಯಲ್ಲಿ ಯಾರಿಗೂ ಓದಿ ಹೇಳಲಿಲ್ಲ. ಅದು ನನ್ನದು.

ನಕಾಶೆ ಕಚೇರಿಯ ಉತ್ತರ ಬಂದಿದೆ. ಅವರು ನಗಲಿಲ್ಲ, ಅದೇ ದೊಡ್ಡದು. ಆದರೆ ಹಳೆಯ ಪುಸ್ತಕಗಳ ಮಾತನ್ನು ಸಾಕ್ಷಿಯೆಂದು ತೆಗೆದುಕೊಳ್ಳಲು ಬರುವುದಿಲ್ಲವಂತೆ. ಅದೇ ಜಾಗದಲ್ಲಿ ಹೊಸದಾಗಿ ಅಳತೆ ತೆಗೆಯಬೇಕು, ನೂರು ಮಾರಿಗಿಂತ ಕಡಿಮೆ ಆಳ ಸಿಗಬೇಕು, ಪರವಾನಗಿ ಇರುವ ಇಬ್ಬರು ಸಹಿ ಹಾಕಬೇಕು. ಮಾರ್ಚ್ 31ರೊಳಗೆ ಇದು ಅವರ ಕೈಸೇರಿದರೆ ಗುರುತು ಖಂಡಿತ ಉಳಿಯುತ್ತದೆ, 'ಅನುಮಾನ' ಎಂಬ ಮಾತು ಹೋಗುತ್ತದೆ. ಇಲ್ಲವಾದರೆ ನಕಾಶೆ ಆ ಚುಕ್ಕಿಯಿಲ್ಲದೆಯೇ ಅಚ್ಚಿಗೆ ಹೋಗುತ್ತದೆ. ಅಳತೆ ಹಡಗು ಕಳಿಸಲು ಅವರಿಗೆ ಈ ವರ್ಷ ಸಾಧ್ಯವಿಲ್ಲ.

ಚಂಡಮಾರುತದ ಕಾಲ ಎಂದು ನನಗೆ ಗೊತ್ತು. ಹೋಗಿ ಎನ್ನಲಾರೆ. ಹೋಗಬೇಡಿ ಎನ್ನಲೂ ಬಾಯಿ ಬರುತ್ತಿಲ್ಲ.

ಹೆಸ್ಟರ್


ನೆಯಾಫು, 19 ಫೆಬ್ರವರಿ 1962

ಪ್ರಿಯ ಹೆಸ್ಟರ್,

ಮಂಗಳವಾರ ಹೋದೆವು. ಸೆಮಿಸಿಯ ದೋಣಿ, ಸೆಮಿಸಿ, ನಾನು, ಹೊದಿಕೆಯ ಮರೆಯಲ್ಲಿ ಹಿಂಭಾಗದಲ್ಲಿ ಲುಪೆ. ತಮ್ಮನ ದೋಣಿಯಲ್ಲಿ ಅಕ್ಕ ಹತ್ತುವುದು ಸರಿಯಲ್ಲ ಎಂದು ಸೆಮಿಸಿ ಗೊಣಗಿದ. "ಕುರುಡನ್ನ ನಿನ್ ಜೊತೆ ಒಬ್ಬನ್ನೇ ಬಿಡ್ಲಾ? ನೀವಿಬ್ರೂ ಸೇರಿ ಮತ್ತೆ ಏನೋ ಬರ್ಕೊಂಡ್ ಬರ್ತೀರ," ಎಂದು ಲುಪೆ ಅವನಿಗಲ್ಲ, ಹಾಯಿಗೆ ಹೇಳಿದಳು.

ನಡುಮಧ್ಯಾಹ್ನ ಸೆಮಿಸಿ ಸೂರ್ಯನನ್ನು ಅಳೆದು ಜಾಗ ಇದೇ ಎಂದ. ಯಂತ್ರ ನಿಲ್ಲಿಸಿದೆವು.

"ಏನ್ ಕಾಣುತ್ತೋ?"

"ಏನಿಲ್ಲ ಭಾವ. ನೀಲಿ ನೀರು. ಒಂದ್ ಹಕ್ಕೀನೂ ಇಲ್ಲ."

ಆದರೂ ಅಳತೆಯ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ತಳದ ಮರಳು ಅಂಟಿ ಬರಲೆಂದು ಗುಂಡಿನ ಕೆಳಗಿನ ಗುಳಿಗೆ ಕೊಬ್ಬು ಮೆತ್ತಿ ಇಳಿಬಿಟ್ಟೆವು. ಹಗ್ಗ ನನ್ನ ಬೆರಳುಗಳ ನಡುವೆ ಹರಿಯುತ್ತಿತ್ತು. ಇನ್ನೂರು ಮಾರು ಹಗ್ಗ ತಂದಿದ್ದೆವು. ಇಪ್ಪತ್ತೇಳನೆಯ ಮಾರಿಗೆ ಹಗ್ಗ ಸಡಿಲವಾಯಿತು, ಗುಂಡು ತಳ ಮುಟ್ಟಿತ್ತು.

ಜಾಗ ಸ್ವಲ್ಪ ಸರಿಸಿ ಮತ್ತೆ ಬಿಟ್ಟೆವು, ಇಪ್ಪತ್ತಾರು. ಬೇಗ ಬೇಗ ಎಳೆದು ಗುಂಡನ್ನು ನನ್ನ ಕೈಗೆ ಕೊಟ್ಟ. ತಳವನ್ನು ಮುಟ್ಟಿ ನೋಡಿದೆ. ಗಟ್ಟಿಯಾಗಿ ಮೆತ್ತಿದ್ದ ಕೊಬ್ಬು ಕರಗಿ ಹೋಗಿತ್ತು. ಗುಳಿಯಲ್ಲಿ ಉಳಿದದ್ದು ಹರಳು ಹರಳಾದ ಕಪ್ಪು ಬೂದಿ. ಸೀಸ ಇನ್ನೂ ಬೆಚ್ಚಗಿತ್ತು ಹೆಸ್ಟರ್, ಆಗತಾನೇ ಹುಟ್ಟಿದ ಮಗುವಿನ ಮೈ ಬೆಚ್ಚಗಿರುತ್ತದಲ್ಲ, ಹಾಗೆ. ನೀಲಿ ನೀರಿನ ಕೆಳಗೆ ಅದು ಏಳುತ್ತಿದೆ. ಕಣ್ಣಿದ್ದವರಿಗೆ ಇನ್ನೂ ಕಾಣುತ್ತಿಲ್ಲ. ಮೊದಲು ತಿಳಿದದ್ದು ನನ್ನ ಕೈಗೆ. ಇಪ್ಪತ್ತೈದು ವರ್ಷಗಳ ಹಿಂದಿನಂತೆಯೇ ಮತ್ತೆ ಟೊಪ್ಪಿ ತೆಗೆದೆ.

ಸೆಮಿಸಿ ದಿನಚರಿಯಲ್ಲಿ ಬರೆದು, ನನಗೆ ಓದಿ ಹೇಳಿ, ಮೊದಲು ತಾನೇ ಸಹಿ ಹಾಕಿದ. ಆಮೇಲೆ ನನ್ನ ಬೆರಳನ್ನು ಹಿಡಿದು ಗೆರೆಯ ಮೇಲಿಟ್ಟ. ಇಬ್ಬರ ಪರವಾನಗಿಯೂ ಇನ್ನೂ ಊರ್ಜಿತ. ಪುಟ ಇದರೊಡನೆ ಇದೆ. ಕೂಡಲೇ ತಲುಪಿಸಿ.

ಹಿಂದಕ್ಕೆ ಬರುವಾಗ ಸೆಮಿಸಿ ಕೆಮ್ಮಿ, ಇನ್ನೊಂದು ಮಾತು ಎಂದ.

"ನಮ್ಮಜ್ಜಿ ಈ ಜಾಗಕ್ಕೆ ಒಂದ್ ಹೆಸ್ರು ಹೇಳ್ತಿದ್ಲು ಭಾವ. ಉಸಿರಿಗೆ ಬರೋಳು ಅಂತ. ಕೆಳಗಡೆ ಮಲ್ಗಿರ್ತಾಳಂತೆ, ಉಸಿರು ಕಟ್ಟಿದಾಗ ಮೇಲ್ ಬಂದು ಉಸಿರು ಬಿಟ್ಟು ಹೋಗ್ತಾಳಂತೆ. ಅವ್ಳ ಕಾಲದಲ್ಲಿ ಮೀನು ಹಿಡಿಯೋರು ಈ ಕಡೆ ಬರ್ತಿರ್ಲಿಲ್ಲ."

"ಇಷ್ಟ್ ವರ್ಷ ಯಾಕೋ ಹೇಳ್ಲಿಲ್ಲ?"

"ನೀವ್ ಮಾತಾಡ್ಸಿದ್ರೆ ತಾನೆ! ವಿಚಾರಣೆ ದಿನ ಹೇಳ್ಬೌದಿತ್ತು, ನಿಜ. ಪಾದ್ರಿಗಳ ಶಾಲೇಲಿ ಓದಿ ಲೈಸನ್ಸ್ ತಗೊಂಡೋನು ನಾನು. ಕೋಟು ಹಾಕ್ಕೊಂಡ್ ಕೂತಿರೋ ದೊರೆಗಳ ಮುಂದೆ ಅಜ್ಜಿ ಕತೆ ಹೇಳ್ಲಾ ಅಂತ ನಾಚ್ಕೆ ಆಯ್ತು. ಅವ್ಳ ಮಾತನ್ನ ನಾನೇ ನಂಬ್ಲಿಲ್ಲ."

ಹೊದಿಕೆಯ ಹಿಂದಿನಿಂದ ಲುಪೆ ಮೂಗು ಸೀಟಿದ್ದು ಕೇಳಿಸಿತು. (ನಾನೂ ಕೇಳಿದ್ದೆ ಹೆಸ್ಟರ್. ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿದ್ದೆ. ಮಕ್ಕಳನ್ನು ಹೆದರಿಸುವ ಕತೆ ಎಂದುಕೊಂಡಿದ್ದೆ.)

ಇದು ಗೊತ್ತಾದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ನಿಶ್ಚಯವಾಗಿದೆ. ನಕಾಶೆ ಕಚೇರಿಯವರು ಗುರುತನ್ನು ಹೇಗೂ ಉಳಿಸುತ್ತಾರೆ, ಉಳಿಸಲೇಬೇಕು. ಆದರೆ ಅದು 'ಲಿಡ್ಗಾರ್ಡ್ ಬಂಡೆ' ಅಲ್ಲ. ನಾನು ಕಂಡದ್ದು ಒಂದು ಬೆಳಗ್ಗೆ, ಕಾಲು ಗಂಟೆ. ಅಜ್ಜಿ ಹೇಳುತ್ತಿದ್ದ ಹೆಸರನ್ನು ಸೆಮಿಸಿ ಬೇರೆ ಕಾಗದದಲ್ಲಿ ಅವರ ಭಾಷೆಯಲ್ಲೇ ಬರೆದಿದ್ದಾನೆ. ಒಂದಕ್ಷರವೂ ತಪ್ಪದ ಹಾಗೆ ನೀವೇ ನಿಂತು ಬರೆಸಿ. ಸೆಮಿಸಿ, "ನಿಮ್ ಹೆಸ್ರು ಹೋಗ್ಬಿಡುತ್ತಲ್ಲ ಭಾವ, ಅಷ್ಟ್ ಕಷ್ಟಪಟ್ಟು?" ಎಂದು ಎರಡು ಸಲ ಕೇಳಿದ.

ನನ್ನ ಹೆಸರನ್ನು ಅಳಿಸಲಿ. ಉಸಿರಿಗೆ ಬರುವವಳನ್ನು ಅಳಿಸುವುದು ಬೇಡ.

ರೂಪರ್ಟ್